ಮಲ್ಲವಿದ್ಯೆಯ ಆಚಾರ್ಯ ಜಿಗೊರೊ ಕಾನೊ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಜನರಿಗೆ ಗರಡಿಮನೆ ಅಪರಿಚಿತವಲ್ಲ. ಕೆಮ್ಮಣ್ಣಿನ ಮಟ್ಟಿ, ಗೋಡೆಯ ಮೇಲಿನ ಹನುಮಂತ, ಸಾಮು ತೆಗೆಯುವ ತರುಣರು, ಜಾತ್ರೆಯ ಕುಸ್ತಿ, ಇವೆಲ್ಲ ನಮ್ಮ ಹಿರಿಯರ ನೆನಪಿನಲ್ಲಿ ಹಸಿರಾಗಿಯೇ ಇವೆ. ಅಲ್ಲಿ ಪೈಲ್ವಾನನ ದರ್ಜೆಯನ್ನು ಸಾರುವ ಬಣ್ಣದ ನಡುಪಟ್ಟಿ ಇರಲಿಲ್ಲ. ಅವನಿಗೆ ಯಾರನ್ನು ಜೋಡಿಯಾಗಿ ನಿಲ್ಲಿಸುತ್ತಾರೆ ಎಂಬುದೇ ಅವನ ದರ್ಜೆಯಾಗಿತ್ತು. ಇಂದು ಊರೂರಿಗೂ ಕರಾಟೆ, ಜೂಡೋ ತರಗತಿಗಳು ಬಂದಿವೆ. ಮಗುವಿಗೆ ಕಪ್ಪು ಪಟ್ಟಿ ಎಷ್ಟು ವರ್ಷಕ್ಕೆ ದೊರೆಯುತ್ತದೆ ಎಂಬುದು ಅನೇಕ ತಂದೆತಾಯಿಗಳ ಮೊದಲ ಪ್ರಶ್ನೆ. ಹಿಡಿದು ಕೆಡಹುವ ವಿದ್ಯೆಗಳಲ್ಲಿ ಮೇಲಿನ ದರ್ಜೆ ಏಕೆ ತಡವಾಗಿ ಬರುತ್ತದೆ ಎಂಬುದನ್ನು ತಿಳಿಯಬೇಕಾದರೆ, ಆ ದರ್ಜೆಗಳ ಪದ್ಧತಿಯನ್ನು ರೂಪಿಸಿದ ಜಪಾನಿನ ಶಿಕ್ಷಣತಜ್ಞ ಜಿಗೊರೊ ಕಾನೊ ಅವರ ಜೀವನವನ್ನು ಅವಲೋಕಿಸುವುದು ಉಚಿತ.

ಕಾನೊ ಅವರು 1860ರಲ್ಲಿ ಕೋಬೆ ಸಮೀಪದ ಮಿಕಾಗೆಯಲ್ಲಿ ಜನಿಸಿದರು. ತಾಯಿಯನ್ನು ಬಾಲ್ಯದಲ್ಲಿಯೇ ಕಳೆದುಕೊಂಡು ವಿದ್ಯಾಭ್ಯಾಸಕ್ಕಾಗಿ ಟೋಕಿಯೋ ಸೇರಿದರು. ಓದಿನಲ್ಲಿ ಮುಂದಿದ್ದರೂ ದೇಹ ಕೃಶವಾಗಿತ್ತು. ಬಲಿಷ್ಠ ಸಹಪಾಠಿಗಳ ಹಿಂಸೆಯನ್ನು ಸಹಿಸಬೇಕಾಯಿತು. ಬಲಹೀನನು ಬಲಶಾಲಿಯನ್ನು ಗೆಲ್ಲಬಲ್ಲ ಜುಜುತ್ಸು ಎಂಬ ವಿದ್ಯೆಯಿದೆಯೆಂದು ಕೇಳಿ ಗುರುವನ್ನು ಅರಸಿ ಹೊರಟರು. ಆದರೆ ಸಮುರಾಯ್ ಯುಗ ಮುಗಿದು, ಆ ವಿದ್ಯೆ ಜನರ ಆದರಕ್ಕೆ ಎರವಾಗಿದ್ದ ಕಾಲವದು. ಕೊನೆಗೆ 1877ರಲ್ಲಿ, ಮೂಳೆ ಕಟ್ಟುವ ವೈದ್ಯವೃತ್ತಿಯಲ್ಲಿದ್ದ ಫುಕುದ ಹಚಿನೊಸುಕೆ ಅವರಲ್ಲಿ ಶಿಷ್ಯವೃತ್ತಿ ಆರಂಭವಾಯಿತು.

ಅಲ್ಲಿ ತಮಗಿಂತ ಬಹಳ ಭಾರವಾದ ಸಹಶಿಷ್ಯನೊಬ್ಬನನ್ನು ಕೆಡಹಲು ಕಾನೊ ಅವರಿಗೆ ಆಗಲಿಲ್ಲ. ಸೂಮೋ ಮಲ್ಲರ ಪಟ್ಟುಗಳನ್ನು ಪ್ರಯೋಗಿಸಿ ಸೋತರು. ಪಾಶ್ಚಾತ್ಯ ಕುಸ್ತಿಯ ಪುಸ್ತಕಗಳನ್ನು ತಿರುವಿಹಾಕಿ, ಎದುರಾಳಿಯನ್ನು ಹೆಗಲ ಮೇಲೆ ಹೊತ್ತು ಎಸೆಯುವ ಪಟ್ಟೊಂದನ್ನು ಕಂಡುಕೊಂಡು ಗೆದ್ದರು. ಫುಕುದ ಅವರು 1879ರಲ್ಲಿ, ಎರಡನೆಯ ಗುರು ಇಸೊ ಮಸತೊಮೊ 1881ರಲ್ಲಿ ತೀರಿಕೊಂಡರು. ಮೂರನೆಯವರಾದ ಇಯಿಕುಬೊ ತ್ಸುನೆತೊಶಿ ಅವರು ಐವತ್ತು ದಾಟಿದ್ದರೂ ಶಿಷ್ಯನನ್ನು ನಿರಾಯಾಸವಾಗಿ ಕೆಡಹುತ್ತಿದ್ದರು. ಆದರೆ ಒಂದು ದಿನ ಗುರುವೇ ಮತ್ತೆ ಮತ್ತೆ ನೆಲಕ್ಕೆ ಬಿದ್ದರು. ಮೊದಲು ಎದುರಾಳಿಯ ಸಮತೋಲವನ್ನು ಕದಡಿ, ಆಮೇಲೆ ಎಸೆಯಬೇಕೆಂಬ ಸೂಕ್ಷ್ಮ ಕಾನೊ ಅವರಿಗೆ ಆಗ ಸಿದ್ಧಿಸಿತ್ತು. ಕಲಿಸಲು ತಮ್ಮಲ್ಲಿ ಇನ್ನೇನೂ ಉಳಿದಿಲ್ಲವೆಂದು ಆ ಹಿರಿಯರು ನಿರ್ಮತ್ಸರದಿಂದ ಒಪ್ಪಿಕೊಂಡರು.

1882ರಲ್ಲಿ ಟೋಕಿಯೋದ ಎಯಿಶೋಜಿ ಎಂಬ ಬೌದ್ಧ ದೇವಾಲಯದಲ್ಲಿ, ಹನ್ನೆರಡು ಚಾಪೆಗಳ ಜಾಗದಲ್ಲಿ, ಒಂಬತ್ತು ಶಿಷ್ಯರೊಂದಿಗೆ ಕಾನೊ ಅವರು ಕೊಡೊಕಾನ್ ಶಾಲೆಯನ್ನು ತೆರೆದರು. ತಮ್ಮ ವಿದ್ಯೆಗೆ ಜೂಡೋ, ಅಂದರೆ ಮೃದುತ್ವದ ಮಾರ್ಗ, ಎಂದು ಹೆಸರಿಟ್ಟರು. ಹಳೆಯ ಪರಂಪರೆಗಳಲ್ಲಿ ಮೆಟ್ಟಿಲುಗಳು ಕೆಲವೇ. ಒಂದರಿಂದ ಇನ್ನೊಂದಕ್ಕೆ ಏರಲು ಅನೇಕ ವರ್ಷಗಳು ಬೇಕಾಗಿ ಶಿಷ್ಯರ ಉತ್ಸಾಹ ಕುಂದುತ್ತಿತ್ತು. ಆದ್ದರಿಂದ ಅವರು ದಾನ್ ಎಂಬ ದರ್ಜೆಗಳನ್ನು ಏರ್ಪಡಿಸಿ, 1883ರಲ್ಲಿ ಸೈಗೊ ಶಿರೊ ಮತ್ತು ತೊಮಿತ ತ್ಸುನೆಜಿರೊ ಅವರಿಗೆ ಮೊದಲನೆಯದನ್ನು ನೀಡಿದರು. ಕಪ್ಪು ಪಟ್ಟಿ 1886ರ ಸುಮಾರಿಗೆ ಬಳಕೆಗೆ ಬಂತು. ಇಂದು ವಿಳಂಬದ ಗುರುತಾಗಿ ಕಾಣುವ ಪದ್ಧತಿ ಹುಟ್ಟಿದ್ದು ಕಲಿಯುವವನ ದಾರಿಯನ್ನು ಸುಗಮಗೊಳಿಸಲು. ಮೊದಲ ದಾನ್ ಎಂದರೆ ಆರಂಭದ ಮೆಟ್ಟಿಲೇ ಹೊರತು ಶಿಖರವಲ್ಲ.

ಹಾಗಾದರೆ ತಡವಾಗುವುದೇಕೆ? ಗುದ್ದು ಮತ್ತು ಒದೆತಗಳನ್ನು ಪೂರ್ಣ ಬಲದಿಂದ ಜೊತೆಗಾರನ ಮೇಲೆ ನಿತ್ಯ ಪ್ರಯೋಗಿಸಲಾಗದು. ಆದುದರಿಂದ ಅಂಥ ವಿದ್ಯೆಗಳಲ್ಲಿ ಒಬ್ಬಂಟಿಯಾಗಿ ಮಾಡಿ ತೋರಿಸುವ ವರಸೆಗಳಿಗೆ ಪರೀಕ್ಷೆಯಲ್ಲಿ ದೊಡ್ಡ ಸ್ಥಾನವಿದೆ. ಕಾನೊ ಅವರು ಅಪಾಯಕರ ಪಟ್ಟುಗಳನ್ನು ಮುಕ್ತ ಸೆಣಸಾಟದಿಂದ ಹೊರಗಿಟ್ಟರು. ಇದರಿಂದ ವಿದ್ಯೆ ಸುಲಭವಾಗಲಿಲ್ಲ, ಕಠಿಣವಾಯಿತು. ಗಾಯದ ಭಯ ಕಡಿಮೆಯಾದ್ದರಿಂದ ಇಬ್ಬರೂ ಪೂರ್ಣ ಬಲದಿಂದ ಸೆಣಸಬಹುದಾಯಿತು; ಸೋಲನ್ನು ಮರೆಮಾಚಲು ಅವಕಾಶವಿಲ್ಲದಾಯಿತು. ಬಾಯಿಪಾಠ ಮಾಡಿದ ಪಟ್ಟು ಬಗ್ಗದ ಎದುರಾಳಿಯ ಮುಂದೆ ನಿಷ್ಫಲ. ಅವನ ತೂಕ ಯಾವ ಕಾಲಿಗೆ ಸರಿಯಿತೆಂಬುದನ್ನು ಕೈಯೇ ಅರಿಯಬೇಕು. ಆ ಅರಿವು ನೂರಾರು ಬಗೆಯ ದೇಹಗಳೊಡನೆ ಸೆಣಸಿ, ಸಾವಿರಾರು ಬಾರಿ ಬಿದ್ದು ಎದ್ದ ಮೇಲಲ್ಲದೆ ಬಾರದು. ಮೊಳಕಾಲ್ಮೂರಿನ ರೇಷ್ಮೆ ಸೀರೆ ಎಳೆ ಎಳೆಯಾಗಿಯೇ ನೆಯ್ಗೆಯಾಗಬೇಕಲ್ಲವೆ?

ಕಾನೊ ಅವರ ಶಿಷ್ಯಪರಂಪರೆಯ ಮಿತ್ಸುಯೊ ಮಾಯೆದ 1914ರಲ್ಲಿ ಬ್ರೆಜಿಲ್ ಸೇರಿದರು. ಅವರಿಂದ ಕಲಿತ ಗ್ರೇಸಿ ಮನೆತನದವರು ಬೆಳೆಸಿದ ಬ್ರೆಜಿಲಿಯನ್ ಜಿಯು-ಜಿತ್ಸುವಿನಲ್ಲಿ ಈ ನಿಷ್ಠುರತೆ ಇನ್ನೂ ಹೆಚ್ಚು. ಅಲ್ಲಿ ನೀಲಿ, ನೇರಳೆ, ಕಂದು ಪಟ್ಟಿಗಳನ್ನು ದಾಟಿ ಕಪ್ಪು ಪಟ್ಟಿ ತಲುಪಲು ಸಾಮಾನ್ಯವಾಗಿ ಹತ್ತು ವರ್ಷ ಹಿಡಿಯುತ್ತದೆ. ಅಲ್ಲಿಂದ ಕೆಂಪು ಪಟ್ಟಿಗೆ ಅದರ ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಂತೆ ಕನಿಷ್ಠ 48 ವರ್ಷ. ಜೂಡೋದಲ್ಲಿ ಮೊದಲ ದಾನ್ ಬೇಗ ದೊರೆತರೂ ಮೇಲಿನವು ದುರ್ಲಭ: 1935ರಿಂದ 2006ರವರೆಗೆ ಕೊಡೊಕಾನ್ ಹತ್ತನೆಯ ದಾನ್ ನೀಡಿದ್ದು ಕೇವಲ 15 ಮಂದಿಗೆ.

ಕಾನೊ ಅವರು ಮೂಲತಃ ಉಪಾಧ್ಯಾಯರು. ಟೋಕಿಯೋದ ಉನ್ನತ ಶಿಕ್ಷಕರ ತರಬೇತಿ ವಿದ್ಯಾಲಯದ ಮುಖ್ಯಸ್ಥರಾಗಿ 1893ರಿಂದ ಮೊದಲುಗೊಂಡು ಒಟ್ಟು ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದರು. 1909ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಏಷ್ಯಾದ ಮೊದಲ ಸದಸ್ಯರಾದರು. ಕೊಡೊಕಾನಿನ ತಕಗಾಕಿ ಶಿಂಜೊ ಅವರು ರವೀಂದ್ರನಾಥ ಠಾಗೂರರ ಆಹ್ವಾನದಂತೆ 1929ರಲ್ಲಿ ಶಾಂತಿನಿಕೇತನಕ್ಕೆ ಬಂದು ಜೂಡೋ ಕಲಿಸಿದರು. ಕೈರೋ ಒಲಿಂಪಿಕ್ ಸಭೆಯಿಂದ ಹಿಂದಿರುಗುತ್ತಿದ್ದಾಗ, 1938ರ ಮೇ 4ರಂದು, ಹಡಗಿನಲ್ಲಿಯೇ ಕಾನೊ ಅವರು ದೇಹತ್ಯಾಗ ಮಾಡಿದರು. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜೂಡೋ ಮೊದಲ ಬಾರಿಗೆ ಸ್ಥಾನ ಪಡೆದುದನ್ನು ಕಾಣುವ ಭಾಗ್ಯ ಅವರಿಗೆ ಇರಲಿಲ್ಲ.

ಜೊತೆಗಾರನು ಮೈಯೊಡ್ಡದಿದ್ದರೆ ಈ ವಿದ್ಯೆಯಲ್ಲಿ ಯಾರೂ ಮೇಲೇರಲಾರರು. ಪರಸ್ಪರ ಹಿತವೇ ಜೂಡೋದ ಗುರಿಯೆಂದು ಕಾನೊ ಅವರು ಸಾರಿದುದರ ಅರ್ಥ ಇದೇ. ಅಂಗಡಿಯಲ್ಲಿ ಕೊಂಡ ಪಟ್ಟಿ ನಡುವನ್ನು ಬಿಗಿಯಬಲ್ಲದು. ಮೈಯನ್ನು ಬೀಳದಂತೆ ಹಿಡಿಯಲಾರದು. ಪ್ರಮಾಣಪತ್ರಕ್ಕೆ ಮುಂಚೆ ಯೋಗ್ಯತೆ ಬರಬೇಕೆಂಬ ಈ ಪಾಠ ಗರಡಿಗೆ ಎಷ್ಟೋ ಶಾಲೆಗೂ ಅಷ್ಟೇ ಸಲ್ಲುತ್ತದೆ.