ಕಿಡಿಯನ್ನು ಪಳಗಿಸಿದ ರಾಬರ್ಟ್ ಬಾಷ್

ಮಕ್ಕಳೇ, ಮಳೆಗಾಲದ ಬೆಳಿಗ್ಗೆ ರಸ್ತೆ ಬದಿಯಲ್ಲಿ ಕಾರೋ ಬೈಕೋ ಕೆಟ್ಟು ನಿಂತಿರುವುದನ್ನು ನೀವು ನೋಡಿಯೇ ಇರುತ್ತೀರಿ. ಪೆಟ್ರೋಲ್ ಇದೆ, ಚಕ್ರದಲ್ಲಿ ಗಾಳಿ ಇದೆ, ಆದರೂ ಎಂಜಿನ್ ಚಾಲೂ ಆಗುವುದಿಲ್ಲ. ಮೆಕ್ಯಾನಿಕ್ ಬಂದು ಮೊದಲು ಏನು ಮಾಡುತ್ತಾರೆ, ಗಮನಿಸಿದ್ದೀರಾ? ಒಂದು ಕೊಳವೆಯಂತಹ ಸ್ಪ್ಯಾನರ್ ಹಾಕಿ ಎಂಜಿನ್ನಿನ ನೆತ್ತಿಯಿಂದ ಬೆರಳುದ್ದದ ಒಂದು ವಸ್ತುವನ್ನು ಬಿಚ್ಚುತ್ತಾರೆ. ಅದರ ನಡುವೆ ಬಿಳಿ ಪಿಂಗಾಣಿ, ತುದಿಯಲ್ಲಿ ಮಸಿ ಹಿಡಿದ ಲೋಹದ ಕೊಕ್ಕೆ. ಮಸಿಯನ್ನು ಉಜ್ಜು ಕಾಗದದಿಂದ ತಿಕ್ಕಿ, ಉಫ್ ಎಂದು ಊದಿ, ಒರೆಸಿ ಮತ್ತೆ ಕೂರಿಸುತ್ತಾರೆ. ಅನೇಕ ಸಲ ಅಷ್ಟಕ್ಕೇ ಎಂಜಿನ್ ಬುರ್ರೆಂದು ಹೊರಡುತ್ತದೆ. ಅದೇ ಸ್ಪಾರ್ಕ್ ಪ್ಲಗ್. ಅದರ ಕೆಲಸ ಒಂದೇ, ಕಿಡಿ ಹಾರಿಸುವುದು.

ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲ್ ಆವಿಯ ಮಿಶ್ರಣವನ್ನು ಪಿಸ್ಟನ್ ಒತ್ತಿ ಹಿಡಿಯುತ್ತದೆ. ಸರಿಯಾಗಿ ಆ ಹೊತ್ತಿಗೆ ಕಿಡಿ ಬೀಳಬೇಕು. ಆಗ ಮಿಶ್ರಣ ಥಟ್ಟನೆ ಉರಿದು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಒಂದು ಲೆಕ್ಕ ಮಾಡಿ ನೋಡಿ. ಕಾರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎನ್ನೋಣ. ಎರಡು ಸುತ್ತಿಗೆ ಒಂದು ಕಿಡಿಯಂತೆ, ಪ್ರತಿ ಸಿಲಿಂಡರಿಗೆ ನಿಮಿಷಕ್ಕೆ 1500 ಕಿಡಿ, ಅಂದರೆ ಸೆಕೆಂಡಿಗೆ 25 ಕಿಡಿ! ನೀವು ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಕಿಡಿಗಳು ಹಾರಿ ಹೋಗಿರುತ್ತವೆ. ಒಂದು ಕಿಡಿ ತುಸು ಮುಂಚೆ ಬಂದರೂ ತಡವಾಗಿ ಬಂದರೂ ಎಂಜಿನ್ ಕೆಮ್ಮುತ್ತದೆ. ಬಾರದೇ ಹೋದರೆ ನಿಂತೇ ಬಿಡುತ್ತದೆ.

ಇಂದು ನಮಗೆ ಇದು ದೊಡ್ಡ ವಿಷಯವೆನಿಸದು. ಆದರೆ ಕಾರುಗಳು ಹುಟ್ಟಿದ ಹೊಸತರಲ್ಲಿ ಕಾರು ಇಟ್ಟುಕೊಂಡವರ ನಿತ್ಯದ ಗೋಳು ಇದೇ ಆಗಿತ್ತು. ಕಾರನ್ನು ರೂಪಿಸಿದ ಜರ್ಮನಿಯ ಕಾರ್ಲ್ ಬೆಂಜ್ ಅವರಿಗೂ ಎಲ್ಲಕ್ಕಿಂತ ಕಠಿಣವೆನಿಸಿದ ಸಮಸ್ಯೆ ಕಿಡಿಯದೇ. 1888ರಲ್ಲಿ ಅವರ ಹೆಂಡತಿ ಬೆರ್ತಾ ಬೆಂಜ್ ಇಬ್ಬರು ಗಂಡುಮಕ್ಕಳೊಂದಿಗೆ ಮ್ಯಾನ್‌ಹೈಮ್ ಊರಿನಿಂದ ಫೋರ್ಟ್ಸ್‌ಹೈಮ್‌ನಲ್ಲಿದ್ದ ತವರಿಗೆ ಸುಮಾರು 100 ಕಿಲೋಮೀಟರ್ ದೂರ ಕಾರಿನಲ್ಲೇ ಹೋದರು. ದಾರಿಯಲ್ಲಿ ಕಿಡಿಗೆ ವಿದ್ಯುತ್ ಒಯ್ಯುವ ತಂತಿಯ ಹೊದಿಕೆ ಉಜ್ಜಿ ಹರಿದುಹೋಯಿತು. ಬೆರ್ತಾ ತಮ್ಮ ಕಾಲುಚೀಲದ ಪಟ್ಟಿಯನ್ನೇ ಬಿಚ್ಚಿ ಆ ತಂತಿಗೆ ಸುತ್ತಿ ಮುಂದೆ ಸಾಗಿದರೆಂದು ಆ ಪ್ರಯಾಣದ ಕಥೆ ಹೇಳುತ್ತದೆ. ವಿದ್ಯುತ್ ಅವಾಹಕ ಎಂಬ ಪಾಠವನ್ನು ರಸ್ತೆಯಲ್ಲೇ ಮಾಡಿ ತೋರಿಸಿದ ಹಾಗಾಯಿತು ಅಲ್ಲವೇ?

ಬೆಂಜ್ ಅವರ ಕಾರಿನಲ್ಲಿ ಬ್ಯಾಟರಿಯಿಂದ ಕಿಡಿ ಬರುತ್ತಿತ್ತು. ಆದರೆ ಅಂದಿನ ಕಾರಿನ ಬ್ಯಾಟರಿ ಇಂದಿನಂತೆ ಓಡುತ್ತಲೇ ಚಾರ್ಜ್ ಆಗುತ್ತಿರಲಿಲ್ಲ. ಖಾಲಿಯಾದರೆ ಮುಗಿಯಿತು. ಗಾಟ್ಲೀಬ್ ಡೈಮ್ಲರ್ ಅವರ ಕಾರುಗಳಲ್ಲಿ ಇನ್ನೊಂದು ವಿಧಾನವಿತ್ತು. ಸಿಲಿಂಡರಿಗೆ ಜೋಡಿಸಿದ ಸಣ್ಣ ಕೊಳವೆಯೊಂದನ್ನು ಹೊರಗಿನಿಂದ ದೀಪದ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿಡುವುದು! ಗಾಳಿ ಬೀಸಿದರೆ ದೀಪ ಆರುತ್ತಿತ್ತು. ಕಾರು ಮಗುಚಿದರೆ ಬೆಂಕಿ ಹತ್ತುವ ಭಯ ಬೇರೆ. ಪೆಟ್ರೋಲಿನ ಪಕ್ಕದಲ್ಲೇ ಉರಿಯುವ ದೀಪ ಇಟ್ಟುಕೊಂಡು ಪ್ರಯಾಣ ಮಾಡುವುದನ್ನು ಊಹಿಸಿಕೊಳ್ಳಿ.

ಈ ಗೋಳಿಗೆ ಕೊನೆ ಹಾಡಿದ ಕಾರ್ಖಾನೆಯ ಒಡೆಯರೇ ರಾಬರ್ಟ್ ಬಾಷ್.

ಬಾಷ್ ಅವರು 1861ರ ಸೆಪ್ಟೆಂಬರ್ 23ರಂದು ದಕ್ಷಿಣ ಜರ್ಮನಿಯ ಉಲ್ಮ್ ನಗರದ ಬಳಿಯ ಆಲ್ಬೆಕ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. ತಂದೆಗೆ ಹೊಲ ಇತ್ತು, ದಾರಿಹೋಕರು ತಂಗುವ ಛತ್ರದಂತಹ ಒಂದು ಹೋಟೆಲೂ ಇತ್ತು. ರಾಬರ್ಟ್‌ಗೆ ಗಿಡಮರ, ಪ್ರಾಣಿಪಕ್ಷಿಗಳೆಂದರೆ ಬಲು ಇಷ್ಟ. ಆದರೂ ಶಾಲೆ ಮುಗಿಸಿ ಉಲ್ಮ್‌ನಲ್ಲಿ ಸೂಕ್ಷ್ಮ ಯಂತ್ರಗಳ ಕೆಲಸ ಕಲಿಯಲು ಸೇರಿದರು. ಕಲಿಸಬೇಕಾದ ಯಜಮಾನ ಹುಡುಗರ ಕಡೆ ಹೆಚ್ಚು ಗಮನ ಕೊಡಲಿಲ್ಲ. ಆ ಕಹಿಯನ್ನು ಬಾಷ್ ಮರೆಯಲಿಲ್ಲ. ಮುಂದೆ 1913ರಲ್ಲಿ ತಮ್ಮ ಕಾರ್ಖಾನೆಯಲ್ಲಿ ಕಲಿಯುವ ಹುಡುಗರಿಗಾಗಿಯೇ ಬೇರೆ ಕಾರ್ಯಾಗಾರ ಕಟ್ಟಿಸಿದರು.

ಕೆಲಸ ಕಲಿತ ಮೇಲೆ ಊರೂರು ಅಲೆದರು. ಸ್ಟುಟ್‌ಗಾರ್ಟ್‌ನ ತಾಂತ್ರಿಕ ಕಾಲೇಜಿನಲ್ಲಿ ಕೆಲವು ತಿಂಗಳು ಕುಳಿತು ವಿದ್ಯುತ್ತಿನ ಪಾಠ ಕೇಳಿದರು. 1884ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ವಿದ್ಯುತ್ ದೀಪಕ್ಕೆ ಹೆಸರಾದ ಎಡಿಸನ್ ಅವರ ಕಾರ್ಖಾನೆಯಲ್ಲಿ ದುಡಿದರು. ಬಳಿಕ ಇಂಗ್ಲೆಂಡಿನಲ್ಲಿ ಸೀಮೆನ್ಸ್ ಸಂಸ್ಥೆಯಲ್ಲೂ ಕೆಲಸ ಮಾಡಿದರು. 1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್ ನಗರದಲ್ಲಿ, ಒಂದು ಮನೆಯ ಹಿತ್ತಿಲ ಕಡೆಯ ಕಟ್ಟಡದಲ್ಲಿ ತಮ್ಮದೇ ಅಂಗಡಿ ತೆರೆದರು. ತಂದೆ ಬಿಟ್ಟುಹೋದ ಹಣವೇ ಬಂಡವಾಳ. ಆಗ ವಯಸ್ಸು 25. ಜೊತೆಗಿದ್ದವರು ಒಬ್ಬ ಕುಶಲಕರ್ಮಿ ಮತ್ತು ಒಬ್ಬ ಹುಡುಗ, ಅಷ್ಟೇ. ಟೆಲಿಫೋನ್ ಜೋಡಿಸುವುದು, ಮನೆಗಳಿಗೆ ವಿದ್ಯುತ್ ಗಂಟೆ ಹಾಕುವುದು, ಹೀಗೆ ಬಂದ ಕೆಲಸವನ್ನೆಲ್ಲ ಮಾಡಿದರು. ಸೈಕಲ್ ಏರಿ ಗಿರಾಕಿಗಳ ಮನೆಗೆ ಹೋಗಿ ಕೆಲಸ ಸರಿಯಾಗಿದೆಯೇ ಎಂದು ತಾವೇ ನೋಡಿ ಬರುತ್ತಿದ್ದರು.

1887ರಲ್ಲಿ ಒಬ್ಬ ಗಿರಾಕಿ ಬಂದು, ನೆಲದ ಮೇಲೆ ನಿಂತು ಕೆಲಸ ಮಾಡುವ ಎಂಜಿನ್ ಒಂದಕ್ಕೆ ಮ್ಯಾಗ್ನೆಟೋ ಮಾಡಿಕೊಡಿ ಎಂದು ಕೇಳಿದರು. ಅಂಥದ್ದೊಂದು ಹತ್ತಿರದ ಶೋರ್ನ್‌ಡಾರ್ಫ್ ಊರಿನಲ್ಲಿ ಇತ್ತು. ಬಾಷ್ ಅಲ್ಲಿಗೆ ಹೋಗಿ ನೋಡಿ ಬಂದರು. ಅದಕ್ಕೆ ಪೇಟೆಂಟ್ ಇರಲಿಲ್ಲ. ನೋಡಿದ್ದನ್ನು ಹಾಗೇ ನಕಲು ಮಾಡದೆ ಇನ್ನಷ್ಟು ಸುಧಾರಿಸಿ ಮಾಡಿಕೊಟ್ಟರು. ಆದ್ದರಿಂದ ಮ್ಯಾಗ್ನೆಟೋ ಕಂಡುಹಿಡಿದವರು ಬಾಷ್ ಎಂದು ಯಾರಾದರೂ ಬರೆದಿದ್ದರೆ ಅದು ತಪ್ಪು. ಸ್ಪಾರ್ಕ್ ಪ್ಲಗ್ ಕೂಡ ಅವರಿಗಿಂತ ಮೊದಲೇ ಇತ್ತು. ಬಾಷ್ ಅವರ ಹೆಚ್ಚುಗಾರಿಕೆ ಬೇರೆಡೆ ಇದೆ, ಮುಂದೆ ನೋಡುವಿರಂತೆ.

ಮ್ಯಾಗ್ನೆಟೋ ಎಂದರೇನು? ಅಡಿಕೆ ತೋಟದಲ್ಲಿ ಕಳೆ ಕೊಚ್ಚುವ ಪೆಟ್ರೋಲ್ ಯಂತ್ರವನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಹಗ್ಗ ಹಿಡಿದು ಜಗ್ಗಿದರೆ ಸಾಕು, ಯಂತ್ರ ಹೊರಡುತ್ತದೆ. ಅದರಲ್ಲಿ ಬ್ಯಾಟರಿಯೇ ಇರುವುದಿಲ್ಲ! ಹಾಗಾದರೆ ಕಿಡಿ ಎಲ್ಲಿಂದ ಬಂತು? 1831ರಲ್ಲಿ ಮೈಕೆಲ್ ಫ್ಯಾರಡೆ ಒಂದು ಸಂಗತಿ ಕಂಡುಕೊಂಡರು. ತಂತಿಯ ಸುರುಳಿಯ ಬಳಿ ಆಯಸ್ಕಾಂತವನ್ನು ಅಲುಗಾಡಿಸಿದರೆ ಅಥವಾ ಆಯಸ್ಕಾಂತದ ಬಳಿ ಸುರುಳಿಯನ್ನು ತಿರುಗಿಸಿದರೆ, ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಇದೇ ವಿದ್ಯುತ್ಕಾಂತೀಯ ಪ್ರೇರಣೆ. ಸೈಕಲ್ಲಿನ ಡೈನಮೋದಲ್ಲೂ ಇದೇ ನಡೆಯುತ್ತದೆ. ಮ್ಯಾಗ್ನೆಟೋ ಎಂದರೆ ಕಿಡಿಗಾಗಿಯೇ ಮಾಡಿದ ಡೈನಮೋ. ಎಂಜಿನ್ ತಿರುಗುವಷ್ಟು ಹೊತ್ತೂ ಅದು ವಿದ್ಯುತ್ ಕೊಡುತ್ತದೆ, ಖಾಲಿಯಾಗುವ ಮಾತೇ ಇಲ್ಲ.

ಆದರೂ ಬಾಷ್ ಅವರ ದಾರಿ ಸುಲಭವಾಗಿರಲಿಲ್ಲ. 1892ರ ಹೊತ್ತಿಗೆ ಕೆಲಸ ಕಡಿಮೆಯಾಗಿ ಬಹುಪಾಲು ಕೆಲಸಗಾರರನ್ನು ಮನೆಗೆ ಕಳಿಸಬೇಕಾಯಿತು. ಸಾಲ, ಮನೆಯವರ ನೆರವು, ಹೀಗೆ ಹೇಗೋ ಅಂಗಡಿ ಉಳಿಯಿತು. ಎಂಜಿನ್ನುಗಳಿಗೆ ಮಾಡಿಕೊಡುತ್ತಿದ್ದ ಮ್ಯಾಗ್ನೆಟೋಗಳೂ ಆ ದಿನಗಳಲ್ಲಿ ಕೈ ಹಿಡಿದವು.

1897ರಲ್ಲಿ ಹೊಸ ಪರೀಕ್ಷೆ ಬಂತು. ಫ್ರೆಡರಿಕ್ ಸಿಮ್ಸ್ ಎಂಬ ವ್ಯಾಪಾರಿ ಫ್ರಾನ್ಸಿನ ಡಿ ಡಿಯೋನ್ ಕಂಪನಿಯ ಮೂರು ಚಕ್ರದ ಮೋಟಾರು ಗಾಡಿಯೊಂದನ್ನು ಕಳುಹಿಸಿ, ಇದಕ್ಕೆ ಮ್ಯಾಗ್ನೆಟೋ ಕೂರಿಸಿ ಎಂದರು. ನೆಲದ ಮೇಲಿನ ಎಂಜಿನ್ನುಗಳು ನಿಧಾನವಾಗಿ ತಿರುಗುತ್ತಿದ್ದವು. ಇದೋ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಪುಟ್ಟ ಎಂಜಿನ್! ಸುರುಳಿ ಸುತ್ತಿದ ಭಾರವಾದ ಕಬ್ಬಿಣದ ತುಂಡು, ಅಂದರೆ ಆರ್ಮೇಚರ್, ಅಷ್ಟು ವೇಗವಾಗಿ ಹಿಂದೆ ಮುಂದೆ ಅಲುಗಲಾರದು. ಬಾಷ್ ಅವರ ಬಳಿ ಇದ್ದ ಆರ್ನಾಲ್ಡ್ ಜೇರಿಂಗರ್ ಎಂಬ ಕುಶಲಕರ್ಮಿ ಉಪಾಯ ಹುಡುಕಿದರು. ಆರ್ಮೇಚರ್ ಸುಮ್ಮನೆ ನಿಲ್ಲಲಿ. ಅದಕ್ಕೂ ಆಯಸ್ಕಾಂತಕ್ಕೂ ನಡುವೆ ಹಗುರವಾದ ಒಂದು ಕವಚ ಅಲುಗಲಿ! ಉಪಾಯ ಫಲಿಸಿತು. 1900ರಲ್ಲಿ ಹಾರಿದ ಮೊದಲ ಜೆಪ್ಪೆಲಿನ್ ವಾಯುನೌಕೆಯ ಎಂಜಿನ್ನುಗಳಲ್ಲೂ ಬಾಷ್ ಮ್ಯಾಗ್ನೆಟೋ ಇತ್ತು. ಆ ನೌಕೆಯ ತುಂಬ ಹೈಡ್ರೋಜನ್. ಅದರ ಕೆಳಗೆ ಡೈಮ್ಲರ್ ಅವರ ಹಳೆಯ ದೀಪ ಉರಿಸಿದ್ದರೆ ಏನಾಗುತ್ತಿತ್ತು ಎಂದು ನೀವೇ ಯೋಚಿಸಿ.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಈ ಮ್ಯಾಗ್ನೆಟೋದ ವೋಲ್ಟೇಜ್ ಕಡಿಮೆ. ಅಂತರವನ್ನು ಜಿಗಿಯುವ ಶಕ್ತಿ ಅದರ ವಿದ್ಯುತ್ತಿಗೆ ಇರಲಿಲ್ಲ. ಆದ್ದರಿಂದ ಸಿಲಿಂಡರಿನೊಳಗೆ ಎರಡು ಲೋಹದ ತುದಿಗಳನ್ನು ಮುಟ್ಟಿಸಿಟ್ಟು, ಸರಿಯಾದ ಕ್ಷಣಕ್ಕೆ ಸರಳುಗಳ ಮೂಲಕ ಅವುಗಳನ್ನು ಎಳೆದು ಬೇರ್ಪಡಿಸಬೇಕಿತ್ತು. ಹಾಗೆ ಬೇರ್ಪಟ್ಟಾಗ ಕಿಡಿ ಬರುತ್ತಿತ್ತು. ಕತ್ತಲೆಯಲ್ಲಿ ಫ್ಯಾನಿನ ಸ್ವಿಚ್ ಆರಿಸುವಾಗ ಒಳಗೆ ಪುಟ್ಟ ಬೆಳಕು ಮಿಂಚುವುದನ್ನು ಕೆಲವರು ನೋಡಿರಬಹುದು, ಅದೇ ಜಾತಿಯ ಕಿಡಿ. ಆದರೆ ಬೆಂಕಿಯ ಬಾಯಲ್ಲಿ ಅಲುಗುವ ಭಾಗಗಳಿದ್ದರೆ ಗತಿಯೇನು? ಮಸಿ ಹಿಡಿಯುತ್ತಿತ್ತು, ಸವೆಯುತ್ತಿತ್ತು, ಹೊಂದಾಣಿಕೆ ತಪ್ಪುತ್ತಿತ್ತು. ಕಾರಿನ ಒಡೆಯ ಮತ್ತೆ ಮತ್ತೆ ಇಳಿದು ರಿಪೇರಿ ಮಾಡಬೇಕಿತ್ತು.

ಇಲ್ಲಿ ಗಾಟ್ಲೋಬ್ ಹೊನೋಲ್ಡ್ ಬರುತ್ತಾರೆ. ಹುಡುಗನಾಗಿದ್ದಾಗ ಬಾಷ್ ಅವರ ಅಂಗಡಿಯಲ್ಲೇ ಕೆಲಸ ಕಲಿತು, ಆಮೇಲೆ ಎಂಜಿನಿಯರಿಂಗ್ ಓದಿ 1901ರಲ್ಲಿ ಅಲ್ಲಿಗೇ ಮರಳಿದವರು. ಆ ಸರಳುಗಳೇ ಬೇಡವಾಗುವಂತೆ ಮಾಡುವ ಕೆಲಸವನ್ನು ಬಾಷ್ ಅವರಿಗೆ ವಹಿಸಿದರು. ಹೊನೋಲ್ಡ್ ಆರ್ಮೇಚರ್ ಮೇಲೆ ಒಂದರ ಬದಲು ಎರಡು ಸುರುಳಿ ಸುತ್ತಿದರು. ಮೊದಲನೆಯದು ದಪ್ಪ ತಂತಿಯದು, ಕೆಲವೇ ಸುತ್ತು. ಎರಡನೆಯದು ಕೂದಲಿನಂಥ ತಂತಿಯದು, ಬಹಳ ಸುತ್ತು. ಮೊದಲನೆಯದರಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿದರೆ ಎರಡನೆಯದರಲ್ಲಿ ಸಾವಿರಾರು ವೋಲ್ಟ್ ಚಿಮ್ಮುತ್ತದೆ. ಈಗ ಸಿಲಿಂಡರಿನೊಳಗೆ ಅಲುಗುವುದು ಏನೂ ಬೇಡ. ಅಲುಗದ ಎರಡು ತುದಿ, ನಡುವೆ ಸಣ್ಣ ಅಂತರ ಇದ್ದರೆ ಸಾಕು, ಕಿಡಿ ತಾನೇ ಜಿಗಿಯುತ್ತದೆ. ಅಂತಹ ಶಾಖವನ್ನೂ ವೋಲ್ಟೇಜನ್ನೂ ತಡೆದುಕೊಳ್ಳುವ ಪ್ಲಗ್ ಕೂಡ ಬೇಕಿತ್ತು. ಹೊನೋಲ್ಡ್ ಅದನ್ನೂ ರೂಪಿಸಿದರು. 1902ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು.

ಇಲ್ಲಿ ಒಂದು ಮಾತು. ನಾನು ಶಾಲೆಗಳಿಗೆ ಹೋದಾಗ, ಎಂಜಿನ್ ಓಡುವಾಗ ಪ್ಲಗ್ಗಿನ ತಂತಿ ಮುಟ್ಟಿ ಷಾಕ್ ಹೊಡೆಸಿಕೊಂಡ ಕಥೆಯನ್ನು ಹೆಮ್ಮೆಯಿಂದ ಹೇಳುವ ಹುಡುಗರು ಸಿಗುತ್ತಾರೆ. ನಿಮ್ಮ ಮನೆಯ ವಿದ್ಯುತ್ 230 ವೋಲ್ಟ್. ಪ್ಲಗ್ಗಿನದು ಹತ್ತು ಸಾವಿರ ವೋಲ್ಟ್ ದಾಟಬಹುದು. ದೂರದಿಂದಲೇ ನೋಡಿ.

ಹೊಸ ಮ್ಯಾಗ್ನೆಟೋ ಯುರೋಪು, ಅಮೆರಿಕಗಳಲ್ಲಿ ಬಿಸಿ ದೋಸೆಯಂತೆ ಖರ್ಚಾಯಿತು. 1906ರಲ್ಲಿ ಮ್ಯಾಗ್ನೆಟೋಗಳ ಸಂಖ್ಯೆ ಒಂದು ಲಕ್ಷ ಮುಟ್ಟಿತು. ಅದೇ ವರ್ಷ ಬಾಷ್ ತಮ್ಮ ಕೆಲಸಗಾರರಿಗೆ ದಿನಕ್ಕೆ ಎಂಟೇ ಗಂಟೆ ದುಡಿಮೆ ಎಂಬ ನಿಯಮ ತಂದರು. ಜರ್ಮನಿಯಲ್ಲಿ ಹಾಗೆ ಮಾಡಿದ ಮೊದಲಿಗರಲ್ಲಿ ಅವರೂ ಒಬ್ಬರು. ಹಣದ ವಿಷಯದಲ್ಲಿ ಮಾತ್ರ ಬಲು ಜಿಪುಣ. ನೆಲದ ಮೇಲೆ ಬಿದ್ದ ಕಾಗದದ ಪಿನ್ನನ್ನೂ ಎತ್ತಿ, ಇದು ಯಾರ ದುಡ್ಡು ಎಂದು ಗದರುತ್ತಿದ್ದರಂತೆ. ಅದೇ ಮನುಷ್ಯ 1910ರಲ್ಲಿ ಸ್ಟುಟ್‌ಗಾರ್ಟ್ ತಾಂತ್ರಿಕ ಕಾಲೇಜಿಗೆ ಹತ್ತು ಲಕ್ಷ ಮಾರ್ಕ್ ದಾನ ಕೊಟ್ಟರು! ಕೆಟ್ಟು ನಿಲ್ಲುವ ವಸ್ತುವನ್ನು ತಮ್ಮ ಹೆಸರಿನಲ್ಲಿ ಮಾರುವುದಕ್ಕಿಂತ ನಷ್ಟವೇ ಮೇಲು ಎಂಬುದು ಅವರ ಹಟ. ಕಂಡುಹಿಡಿದವರು ಜೇರಿಂಗರ್, ಹೊನೋಲ್ಡ್. ಅಂಥವರನ್ನು ಗುರುತಿಸಿ, ಕೆಲಸ ಕೊಟ್ಟು, ಬಂದದ್ದನ್ನು ಪರೀಕ್ಷಿಸದೆ ಹೊರಗೆ ಬಿಡದ ಹಟ ಬಾಷ್ ಅವರದು. ನನ್ನ ಮಟ್ಟಿಗೆ ಅವರ ಹೆಚ್ಚುಗಾರಿಕೆ ಇದೇ.

ಕಿಡಿಯ ನಂತರ ಕಾರಿನ ಉಳಿದ ವಿದ್ಯುತ್ ಕೆಲಸಗಳೂ ಒಂದೊಂದಾಗಿ ಬಂದವು. 1913ರಲ್ಲಿ ಡೈನಮೋ, ಬ್ಯಾಟರಿಗಳೊಂದಿಗೆ ದೀಪದ ವ್ಯವಸ್ಥೆ, ಮುಂದೆ ಹಾರ್ನ್, ಗಾಜು ಒರೆಸುವ ವೈಪರ್. 1927ರಲ್ಲಿ ಡೀಸೆಲ್ ಎಂಜಿನ್ನಿಗೆ ಇಂಧನ ಚಿಮ್ಮಿಸುವ ಪಂಪು. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಡ, ಒತ್ತಿದ ಗಾಳಿಯ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳುತ್ತದೆ.

ದುಃಖಗಳೂ ಇದ್ದವು. 1914ರಲ್ಲಿ ಶುರುವಾದ ಮೊದಲ ಮಹಾಯುದ್ಧದಿಂದ ಹೊರದೇಶಗಳಲ್ಲಿದ್ದ ಅವರ ಉದ್ಯಮ ಕೈತಪ್ಪಿತು. 1921ರಲ್ಲಿ ಒಬ್ಬನೇ ಮಗ ಕಾಯಿಲೆಯಿಂದ ತೀರಿಕೊಂಡ. ಹಿಟ್ಲರ್ ಕಾಲದಲ್ಲಿ ಕಾರ್ಖಾನೆ ಸೈನ್ಯಕ್ಕಾಗಿ ದುಡಿಯಿತು. ಬಲವಂತವಾಗಿ ಹಿಡಿದು ತಂದ ಸಾವಿರಾರು ಜನರನ್ನು ಅಲ್ಲಿ ದುಡಿಸಿಕೊಳ್ಳಲಾಯಿತು. ಇನ್ನೊಂದು ಕಡೆ ಬಾಷ್ ಮತ್ತು ಅವರ ಹತ್ತಿರದವರು ಗುಟ್ಟಾಗಿ ಯಹೂದಿಗಳಿಗೆ ನೆರವಾದರು, ಹಿಟ್ಲರನ ವಿರೋಧಿಗಳಿಗೆ ಬೆಂಬಲ ಕೊಟ್ಟರು. ಈ ಎರಡೂ ನಿಜ. 1940ರಲ್ಲಿ ಅವರು ಕಟ್ಟಿಸಿದ ಆಸ್ಪತ್ರೆ ಸ್ಟುಟ್‌ಗಾರ್ಟ್‌ನಲ್ಲಿ ತೆರೆಯಿತು. 1942ರ ಮಾರ್ಚ್ 12ರಂದು, 80ನೇ ವಯಸ್ಸಿನಲ್ಲಿ, ಯುದ್ಧ ಮುಗಿಯುವ ಮೊದಲೇ ಬಾಷ್ ತೀರಿಕೊಂಡರು.

ಅವರ ಕಾಲಾನಂತರ ಆ ಕಿಡಿ ನಮ್ಮ ನಾಡಿಗೂ ಬಂತು. 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಆರಂಭವಾಗಿ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪುಗಳನ್ನು ತಯಾರಿಸಿತು. ಚುಟುಕಾಗಿ ಮೈಕೋ. ನಿಮ್ಮೂರಿನ ಹಿರಿಯ ಮೆಕ್ಯಾನಿಕ್ಕರನ್ನು ಕೇಳಿ, ಮೈಕೋ ಪ್ಲಗ್ ಎಂದರೆ ತಕ್ಷಣ ತಿಳಿಯುತ್ತದೆ. ಬೆಂಗಳೂರಿನ ಒಂದು ಬಡಾವಣೆಗೂ ಆ ಹೆಸರಿದೆ. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾಯಿತು.

ಹಳೆಯ ಪ್ಲಗ್ಗೋ, ಗೋಡೆ ಕೊರೆಯುವ ಡ್ರಿಲ್ಲೋ ಸಿಕ್ಕರೆ ಅದರ ಮೇಲೆ ಈ ಕಂಪನಿಯ ಗುರುತು ಇದೆಯೇ ಹುಡುಕಿ. ಒಂದು ವೃತ್ತ, ಅದರೊಳಗೆ ಇಂಗ್ಲಿಷಿನ ಎಚ್ ಅಕ್ಷರದಂತಹ ಆಕೃತಿ. ಅದು ಅಕ್ಷರವಲ್ಲ. ತಂತಿ ಸುತ್ತುವ ಆ ಕಬ್ಬಿಣದ ತುಂಡು ಇದೆಯಲ್ಲ, ಮ್ಯಾಗ್ನೆಟೋದ ಆರ್ಮೇಚರ್, ಅದನ್ನು ಅಡ್ಡಲಾಗಿ ಕೊಯ್ದರೆ ಕಾಣುವ ಚಿತ್ರ. 1918ರಲ್ಲಿ ಅದನ್ನು ಬರೆದವರು ಹೊನೋಲ್ಡ್.