ಪಾಲವಣಕರ ಬಾಳೂ

ಚೆಂಡಿಗೆ ಕುಲವಿಲ್ಲ, ಅದು ಎಸೆದವನ ಕೈಚಳಕವನ್ನು ಮಾತ್ರ ಬಲ್ಲದು. ಆದರೆ ಆಟಗಾರನ ಕುಲವನ್ನು ಕೇಳಿ ಅವನಿಗೆ ಸ್ಥಾನವನ್ನು ಗೊತ್ತುಪಡಿಸುತ್ತಿದ್ದ ಕಾಲವೊಂದಿತ್ತು. ಅಂಥ ಕಾಲದಲ್ಲಿ ತನ್ನ ಎಡಗೈಯ ಬಲದಿಂದಲೇ ಭಾರತದ ಶ್ರೇಷ್ಠ ಕ್ರಿಕೆಟ್ ಬೌಲರನೆಂದು ಹೆಸರು ಗಳಿಸಿದವರು ಪಾಲವಣಕರ ಬಾಳೂ.

ಬಾಳೂ ಅವರು ೧೮೭೬ರಲ್ಲಿ ಧಾರವಾಡದಲ್ಲಿ ಜನಿಸಿದರು. ಅವರ ಮನೆತನದ ಮೂಲ ಕೊಂಕಣ ಸೀಮೆಯ ಪಾಲವಣಿ ಗ್ರಾಮ. ಚರ್ಮದ ಕೆಲಸವನ್ನು ಕುಲವೃತ್ತಿಯಾಗಿ ಉಳ್ಳ ಅವರ ಜಾತಿಯನ್ನು ಅಂದಿನ ಸಮಾಜ ಅಸ್ಪೃಶ್ಯವೆಂದು ದೂರವಿರಿಸಿತ್ತು. ತಂದೆಯವರು ಸೈನ್ಯಕ್ಕೆ ಸಂಬಂಧಿಸಿದ ಕೆಲಸದಲ್ಲಿದ್ದುದರಿಂದ ಕುಟುಂಬವು ಪುಣೆಗೆ ಬಂದು ನೆಲೆಸಿತು. ಅಲ್ಲಿ ಸೈನ್ಯದ ಅಧಿಕಾರಿಗಳು ಬಿಸುಟ ಹಳೆಯ ಬ್ಯಾಟು ಚೆಂಡುಗಳಿಂದಲೇ ಬಾಲಕ ಬಾಳೂ ಮತ್ತು ಅವನ ತಮ್ಮ ಶಿವರಾಮ ಆಟವನ್ನು ಕಲಿತರು.

ಬಡತನ ಅವರನ್ನು ಬೇಗನೆ ದುಡಿಮೆಗೆ ಹಚ್ಚಿತು. ಪಾರ್ಸಿಗಳ ಕ್ರಿಕೆಟ್ ಸಂಘವೊಂದರಲ್ಲಿ ಅಂಗಣವನ್ನು ಗುಡಿಸಿ, ಉರುಳುಗಲ್ಲು ಎಳೆಯುವ ಕೆಲಸಕ್ಕೆ ತಿಂಗಳಿಗೆ ಮೂರು ರೂಪಾಯಿ ಸಂಬಳ ದೊರೆಯಿತು. ೧೮೯೨ರ ಸುಮಾರಿಗೆ ಆಂಗ್ಲರ ಪುಣೆ ಕ್ಲಬ್ಬನ್ನು ಸೇರಿದಾಗ ಅದು ನಾಲ್ಕು ರೂಪಾಯಿಯಾಯಿತು. ಅಲ್ಲಿ ಸದಸ್ಯರ ಅಭ್ಯಾಸಕ್ಕಾಗಿ ಬಾಳೂ ದಿನವೂ ಗಂಟೆಗಟ್ಟಲೆ ಚೆಂಡು ಎಸೆಯಬೇಕಾಗಿತ್ತು. ಹೆಸರಾಂತ ಆಟಗಾರನಾದ ಗ್ರೆಗ್ ಸಾಹೇಬನು ಇವರ ಬೌಲಿಂಗನ್ನೇ ಬಯಸಿ ಬರುತ್ತಿದ್ದನು. ಆದರೆ ಆ ಕ್ಲಬ್ಬಿನಲ್ಲಿ ಬಾಳೂ ಅವರ ಕೈಗೆ ಬ್ಯಾಟನ್ನು ಕೊಟ್ಟವರಿಲ್ಲ. ಆದರೂ ಈ ದುಡಿಮೆಯೇ ಅವರಿಗೆ ಪಾಠಶಾಲೆಯಾಯಿತು. ನಿಧಾನವಾಗಿ ಬಂದು ನೆಲಕ್ಕೆ ತಾಗಿದೊಡನೆ ದಿಕ್ಕು ಬದಲಿಸುವ ಚೆಂಡು ಅವರ ವಶವಾಯಿತು.

ಪುಣೆಯ ಹಿಂದೂ ಆಟಗಾರರಿಗೆ ಆಂಗ್ಲರನ್ನು ಸೋಲಿಸಬೇಕೆಂಬ ಹಂಬಲವಿತ್ತು. ಅದಕ್ಕೆ ಬಾಳೂ ಬೇಕಾದರು. ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಆದರೆ ಆಟದ ಬಿಡುವಿನಲ್ಲಿ ಎಲ್ಲರೂ ಒಳಗೆ ಕುಳಿತು ಚಹಾ ಸೇವಿಸುತ್ತಿದ್ದರೆ, ಬಾಳೂ ಅವರಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಲಾಗುತ್ತಿತ್ತು. ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು; ಅವರು ಮುಟ್ಟಿದ ಬಟ್ಟಲನ್ನು ಯಾರೂ ಮುಟ್ಟುತ್ತಿರಲಿಲ್ಲ.

ಮುಂದೆ ಬಾಳೂ ಮುಂಬಯಿಗೆ ಹೋದರು. ರೈಲ್ವೆಯಲ್ಲಿ ನೌಕರಿ ದೊರೆಯಿತು. ಹಿಂದೂ ಜಿಮಖಾನೆಯ ತಂಡದಲ್ಲಿ ಸ್ಥಾನವೂ ದೊರೆಯಿತು. ೧೯೦೬ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡವು ಯುರೋಪಿಯನ್ನರನ್ನು ೧೦೯ ಓಟಗಳಿಂದ ಸೋಲಿಸಿದಾಗ ಎಂಟು ವಿಕೆಟ್ಟುಗಳು ಬಾಳೂ ಅವರ ಪಾಲಿಗೆ ಬಂದವು. ಇಲ್ಲಿ ಜೊತೆಯ ಆಟಗಾರರು ಅವರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಅಂದಿನ ದಿನಗಳಲ್ಲಿ ಇದು ಆ ಗೆಲವಿಗಿಂತ ಸಣ್ಣ ಸಂಗತಿಯೇನಲ್ಲ.

೧೯೧೧ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡವು ಇಂಗ್ಲೆಂಡಿಗೆ ತೆರಳಿತು. ತಂಡವು ಹೆಚ್ಚಿನ ಪಂದ್ಯಗಳಲ್ಲಿ ಸೋತರೂ ಮೂವತ್ತೈದರ ಆಸುಪಾಸಿನಲ್ಲಿದ್ದ ಬಾಳೂ ಮಾತ್ರ ಸೋಲಲಿಲ್ಲ. ಆ ಪ್ರವಾಸದಲ್ಲಿ ಅವರು ಪಡೆದ ವಿಕೆಟ್ಟುಗಳು ೧೧೪. ತಾಯ್ನಾಡಿಗೆ ಮರಳಿದಾಗ ದಲಿತ ಬಂಧುಗಳು ಅವರನ್ನು ಅಭಿಮಾನದಿಂದ ಸನ್ಮಾನಿಸಿದರು.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದೊರೆಯಲಿಲ್ಲ. ಅನುಭವದಲ್ಲಿ ಹಿರಿಯರಾಗಿದ್ದರೂ ಜಾತಿ ಅಡ್ಡ ಬಂದಿತು. ೧೯೨೦ರಲ್ಲಿ ಅವರನ್ನು ತಂಡದಿಂದ ಕೈಬಿಟ್ಟಾಗ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ಪ್ರತಿಭಟಿಸಿ ತಂಡದಿಂದ ಹೊರನಡೆದರು. ಈ ದಿಟ್ಟತನ ವ್ಯರ್ಥವಾಗಲಿಲ್ಲ. ೧೯೨೩ರಲ್ಲಿ ವಿಠ್ಠಲರು ಆ ತಂಡದ ನಾಯಕರಾದರು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು.

ಮುಂದೆ ಬಾಳೂ ಸಾರ್ವಜನಿಕ ಜೀವನಕ್ಕೆ ಕಾಲಿರಿಸಿದರು. ೧೯೩೭ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ ಡಾ. ಅಂಬೇಡ್ಕರರ ಎದುರು ನಿಂತು ಸೋತರು. ತಾರುಣ್ಯದಲ್ಲಿ ಬಾಳೂ ಅವರ ಸಾಧನೆಯನ್ನು ಮೆಚ್ಚಿದ್ದ ಅಂಬೇಡ್ಕರರ ಹಾದಿ ಬೇರೆಯಾಗಿತ್ತು. ಇಬ್ಬರೂ ಅನುಭವಿಸಿದ್ದ ಅವಮಾನ ಮಾತ್ರ ಒಂದೇ ಆಗಿತ್ತು.

೧೯೫೫ರ ಜುಲೈ ೪ರಂದು ಬಾಳೂ ನಿಧನರಾದರು. ಅವರ ಚೆಂಡಿನ ತಿರುವನ್ನು ಕಂಡವರು ಇಂದು ಉಳಿದಿಲ್ಲ. ಆದರೆ ಆಟದ ಅಂಗಣದಲ್ಲಿ ಸಮಾನರಾದವರು ಊಟದ ಪಂಕ್ತಿಯಲ್ಲಿ ಏಕೆ ಸಮಾನರಲ್ಲ ಎಂಬ ಪ್ರಶ್ನೆಯನ್ನು ಅವರ ಬಾಳು ನಮ್ಮ ಮುಂದೆ ಇರಿಸಿದೆ. ಅದಕ್ಕೆ ನಡತೆಯಿಂದ ಉತ್ತರ ಕೊಡುವುದೇ ಆ ಹಿರಿಯ ಆಟಗಾರನಿಗೆ ಸಲ್ಲಿಸುವ ನಿಜವಾದ ಗೌರವ.