ಸೆರೆಯಾಳುಗಳ ಹೊಣೆ ಹೊತ್ತ ಸೇನಾನಿ: ಜನರಲ್ ಕೆ. ಎಸ್. ತಿಮ್ಮಯ್ಯ

ದೆಹಲಿಯ ಚಾಣಕ್ಯಪುರಿ ವಿದೇಶಿ ರಾಯಭಾರ ಕಚೇರಿಗಳ ಬಡಾವಣೆ. ಅಲ್ಲಿನ ರಸ್ತೆಗಳಿಗೆ ಶಾಂತಿಪಥ, ನ್ಯಾಯಮಾರ್ಗ, ನೀತಿಮಾರ್ಗ, ಸತ್ಯಮಾರ್ಗ ಎಂಬ ಹೆಸರುಗಳಿವೆ. ಅಮೆರಿಕ, ಚೀನಾ, ದಕ್ಷಿಣ ಕೊರಿಯ, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕ್ ಗಣರಾಜ್ಯ ಇವೆಲ್ಲವುಗಳ ರಾಯಭಾರ ಕಚೇರಿಗಳನ್ನು ಈ ಬಡಾವಣೆಯಲ್ಲಿ ಒಂದೇ ಮುಂಜಾನೆಯ ನಡಿಗೆಯಲ್ಲಿ ಕಾಣಬಹುದು. 1953ರಲ್ಲಿ ಈ ರಾಷ್ಟ್ರಗಳೆಲ್ಲ, ಚೆಕ್ ಜನರು ಅಂದಿನ ಚೆಕೊಸ್ಲೊವಾಕಿಯದ ಹೆಸರಿನಲ್ಲಿ, ಒಂದೇ ಪ್ರಶ್ನೆಯ ಸುತ್ತ ಸೇರಿದ್ದವು: ಯುದ್ಧಕೈದಿಯಾದವನು ತನ್ನ ನಾಡಿಗೆ ಮರಳಲು ಒಪ್ಪದಿದ್ದರೆ ಅವನನ್ನು ಏನು ಮಾಡಬೇಕು? ಈ ಪ್ರಶ್ನೆಯ ನಡುವೆ ನಿಂತು, ಎರಡು ಬಣಗಳ ನಿಂದೆಯನ್ನೂ ಹೊತ್ತವರು ಕೊಡಗಿನ ಜನರಲ್ ತಿಮ್ಮಯ್ಯನವರು.

ನಮ್ಮ ಶಾಸನ ಪರಂಪರೆಯಲ್ಲಿ ತುರುಗೋಳಿನಲ್ಲಿ, ಪೆಣ್ಬುಯ್ಯಲಿನಲ್ಲಿ, ಊರಳಿವಿನಲ್ಲಿ ಹೋರಾಡಿ ಮಡಿದವರಿಗೆ ವೀರಗಲ್ಲುಗಳಿವೆ. ಸೆರೆಯಾದ ಹಸುಗಳನ್ನು, ಹೆಂಗಸರನ್ನು ಬಿಡಿಸಲು ಪ್ರಾಣ ತೆತ್ತವನು ಅಲ್ಲಿ ಅಪ್ಸರೆಯರ ನಡುವೆ ಕೈಲಾಸವನ್ನೇರುತ್ತಾನೆ. ಆದರೆ ಸೆರೆಹೋಗಿ, ಬದುಕಿ ಮರಳಿದವನಿಗೆ ಆ ಪರಂಪರೆಯಲ್ಲಿ ಅಂಥ ಸ್ಥಾನ ದೊರೆತಂತೆ ಕಾಣುವುದಿಲ್ಲ. ಆಧುನಿಕ ಕಾಲದಲ್ಲಿಯೂ ಈ ಮನೋಭಾವ ಹೆಚ್ಚು ಬದಲಾಗಿಲ್ಲ. ಸತ್ತ ಯೋಧನಿಗೆ ಸ್ಮಾರಕವಿದೆ, ಗೆದ್ದವನಿಗೆ ಪದಕವಿದೆ. ಸೆರೆಯಾಳಿಗೆ ಬಹುಮಟ್ಟಿಗೆ ಮೌನವೇ ಗತಿ. ತಿಮ್ಮಯ್ಯನವರ ಜೀವನವನ್ನು ಈ ದೃಷ್ಟಿಯಿಂದ ನೋಡಿದರೆ ಅವರ ಕೀರ್ತಿಯ ಬೇರೊಂದು ಮುಖ ತೆರೆದುಕೊಳ್ಳುತ್ತದೆ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ, ಕಾಫಿ ಬೆಳೆಗಾರರ ಮನೆತನದಲ್ಲಿ ಜನಿಸಿದರು. ಕೂನೂರಿನಲ್ಲಿಯೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಓದಿ, ಡೆಹ್ರಾಡೂನಿನ ಸೈನಿಕ ವಿದ್ಯಾಲಯದ ಮೂಲಕ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೆ ಹೋದರು. 1926ರಲ್ಲಿ ಸೇನಾಧಿಕಾರಿಯಾಗಿ ನೇಮಕಗೊಂಡು ಮುಂದೆ ಹೈದರಾಬಾದ್ ರೆಜಿಮೆಂಟಿನ ನಾಲ್ಕನೆಯ ಪಡೆಯನ್ನು ಸೇರಿದರು. ಈ ರೆಜಿಮೆಂಟೇ ಮುಂದೆ ಕುಮಾವೂಂ ರೆಜಿಮೆಂಟ್ ಎನಿಸಿತು. 1935ರಲ್ಲಿ ನೀನಾ ಅವರನ್ನು ವರಿಸಿದರು. ಅದೇ ವರ್ಷ ಕ್ವೆಟ್ಟಾ ನಗರವನ್ನು ನೆಲಸಮ ಮಾಡಿದ ಭೂಕಂಪದಲ್ಲಿ ದಂಪತಿಗಳಿಬ್ಬರೂ ಸಂತ್ರಸ್ತರ ಸೇವೆಯಲ್ಲಿ ತೊಡಗಿದರು. ಅಧಿಕಾರಿಗಳ ಕ್ಲಬ್ಬುಗಳಲ್ಲಿ ಭಾರತೀಯನಿಗೆ ಸಮಾನ ಸ್ಥಾನವಿಲ್ಲದ ಆ ದಿನಗಳಲ್ಲಿ, ಪರರ ಸೇನೆಯಲ್ಲಿ ಸೇವೆ ಸಲ್ಲಿಸುವುದೋ ರಾಷ್ಟ್ರೀಯ ಹೋರಾಟವನ್ನು ಸೇರುವುದೋ ಎಂಬ ದ್ವಂದ್ವ ಅವರ ತಲೆಮಾರಿನ ಅಧಿಕಾರಿಗಳನ್ನೆಲ್ಲ ಕಾಡಿತ್ತು.

ಈ ದ್ವಂದ್ವ ತಿಮ್ಮಯ್ಯನವರ ಮನೆಯನ್ನೇ ಹೊಕ್ಕಿತು. ಎರಡನೆಯ ಮಹಾಯುದ್ಧದ ಆರಂಭಕಾಲದಲ್ಲಿ ಅವರ ಪಡೆ ಮಲಯ-ಸಿಂಗಪುರಗಳಲ್ಲಿತ್ತು. ಜಪಾನಿನ ದಾಳಿಗೆ ಮೊದಲೇ ಅವರು ಭಾರತಕ್ಕೆ ವರ್ಗವಾಗಿ ಬಂದರು. 1942ರ ಜನವರಿಯಲ್ಲಿ ಸ್ಲಿಮ್ ನದಿಯ ಕದನದಲ್ಲಿ ಆ ಪಡೆ ಛಿದ್ರವಾಯಿತು. ಫೆಬ್ರವರಿ 15ರಂದು ಸಿಂಗಪುರ ಪತನಗೊಂಡಾಗ ಹತ್ತಾರು ಸಾವಿರ ಭಾರತೀಯ ಯೋಧರು ಸೆರೆಯಾದರು. ತಿಮ್ಮಯ್ಯನವರೊಡನೆ ಉಂಡು ಕವಾಯತು ಮಾಡಿದವರಲ್ಲಿ ಎಷ್ಟೋ ಜನ ಜಪಾನೀಯರ ಬಂಧನಕ್ಕೆ ಒಳಗಾದರು. ಅವರ ಅಣ್ಣ ಪೊನ್ನಪ್ಪನವರೂ ಸೇನಾಧಿಕಾರಿಯಾಗಿದ್ದವರು. ಅವರು ಮುಂದೆ ಆಜಾದ್ ಹಿಂದ್ ಫೌಜನ್ನು ಸೇರಿದರು. ಒಂದು ವರ್ಗಾವಣೆಯ ಆದೇಶ ತಡವಾಗಿದ್ದರೆ ತಿಮ್ಮಯ್ಯನವರೂ ಸೆರೆಮನೆಯ ತಂತಿಬೇಲಿಯ ಒಳಗೇ ನಿಂತಿರುತ್ತಿದ್ದರು. ಒಂದೇ ತಾಯಿಯ ಮಕ್ಕಳು ಒಂದೇ ಯುದ್ಧದಲ್ಲಿ ಎದುರುಬದುರಾದ ಪಾಳೆಯಗಳಲ್ಲಿದ್ದರು. ಇಬ್ಬರಿಗೂ ದೇಶ ಒಂದೇ ಆಗಿತ್ತು. ಕೈದಿಯನ್ನು ಅವನ ಆಯ್ಕೆಯೊಂದರಿಂದಲೇ ದ್ರೋಹಿಯೆಂದೋ ವೀರನೆಂದೋ ಅಳೆಯುವುದು ಎಷ್ಟು ಕಷ್ಟವೆಂಬುದನ್ನು ತಿಮ್ಮಯ್ಯನವರು ಬೇರೆಲ್ಲೂ ಕಲಿಯಬೇಕಾಗಿರಲಿಲ್ಲ.

ಬರ್ಮಾದ ಅರಾಕಾನ್ ರಣರಂಗದಲ್ಲಿ ಅವರು ಹೈದರಾಬಾದ್ ರೆಜಿಮೆಂಟಿನ ಎಂಟನೆಯ ಪಡೆಯನ್ನು ಮುನ್ನಡೆಸಿ, ಅನಂತರ ಬ್ರಿಗೇಡಿನ ನಾಯಕತ್ವವನ್ನೂ ವಹಿಸಿ, ಡಿ.ಎಸ್.ಓ. ಪದಕ ಪಡೆದರು. 1945ರ ಸೆಪ್ಟೆಂಬರಿನಲ್ಲಿ ಸಿಂಗಪುರದಲ್ಲಿ ಜಪಾನ್ ಶರಣಾದ ಸಮಾರಂಭದಲ್ಲಿ ಭಾರತೀಯ ಸೇನೆಯ ಪ್ರತಿನಿಧಿಯಾಗಿ ನಿಂತರು. ತಮ್ಮ ಪಡೆಯನ್ನು ಕಳೆದುಕೊಂಡ ನೆಲಕ್ಕೆ ಅವರು ವಿಜಯಿಯಾಗಿ ಮರಳಿದ್ದರು. ಸ್ವಾತಂತ್ರ್ಯದ ಬಳಿಕ ಕಾಶ್ಮೀರದಲ್ಲಿ 19ನೆಯ ಡಿವಿಷನ್ನಿನ ಸಾರಥ್ಯ ವಹಿಸಿ, 1948ರ ನವೆಂಬರ್ 1ರಂದು ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಎದುರಾಳಿಗಳನ್ನು ಬೆರಗುಗೊಳಿಸಿದ ಕಥೆ ಸರ್ವವಿದಿತ. ಆದರೆ ಅವರ ಬಾಳಿನ ಅತಿ ಕಠಿಣವಾದ ಹೊಣೆ ಬಂದದ್ದು ಯುದ್ಧ ನಿಂತ ಮೇಲೆ, ಬಂದೂಕನ್ನು ಬಳಸಲಾಗದ ಒಂದು ತಾಣದಲ್ಲಿ.

ಕೊರಿಯದ ಯುದ್ಧ 1950ರಲ್ಲಿ ಆರಂಭವಾಯಿತು. 1951ರ ಜುಲೈಯಲ್ಲಿಯೇ ಸಂಧಾನ ತೊಡಗಿದರೂ ಕದನವಿರಾಮಕ್ಕೆ ಸಹಿ ಬಿದ್ದದ್ದು 1953ರ ಜುಲೈ 27ರಂದು. ಈ ವಿಳಂಬಕ್ಕೆ ಮುಖ್ಯ ಕಾರಣ ಯುದ್ಧಕೈದಿಗಳ ಪ್ರಶ್ನೆ. 1949ರ ಜಿನೀವಾ ಒಪ್ಪಂದದ ಪ್ರಕಾರ ಯುದ್ಧ ಮುಗಿದೊಡನೆ ಕೈದಿಗಳನ್ನು ತಡಮಾಡದೆ ಸ್ವದೇಶಕ್ಕೆ ಕಳುಹಿಸಬೇಕು. ವಿಶ್ವಸಂಸ್ಥೆಯ ಪಡೆಗಳ ವಶದಲ್ಲಿದ್ದ ಸಾವಿರಾರು ಚೀನೀ ಹಾಗೂ ಉತ್ತರ ಕೊರಿಯದ ಕೈದಿಗಳು ಮರಳಲು ಒಪ್ಪುವುದಿಲ್ಲವೆಂದು ಒಂದು ಪಕ್ಷ ಹೇಳಿತು. ಬಲವಂತದಿಂದ ಅವರ ಬಾಯಲ್ಲಿ ಹಾಗೆ ಹೇಳಿಸಲಾಗುತ್ತಿದೆಯೆಂದು ಇನ್ನೊಂದು ಪಕ್ಷ ಆರೋಪಿಸಿತು. ಮರಳಲು ಒಪ್ಪಿದ 75,000ಕ್ಕೂ ಹೆಚ್ಚು ಕೈದಿಗಳನ್ನು ಆಗಸ್ಟ್-ಸೆಪ್ಟೆಂಬರಿನಲ್ಲಿ ಉತ್ತರಕ್ಕೆ ಕಳುಹಿಸಲಾಯಿತು. ಉಳಿದವರ ಇಚ್ಛೆಯನ್ನು ತಿಳಿಯಲು ಭಾರತ, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಗಳನ್ನೊಳಗೊಂಡ ತಟಸ್ಥ ರಾಷ್ಟ್ರಗಳ ಆಯೋಗವೊಂದು ರಚನೆಯಾಯಿತು. ಅದರ ಅಧ್ಯಕ್ಷತೆ ತಿಮ್ಮಯ್ಯನವರದಾಯಿತು. ಮೇಜರ್ ಜನರಲ್ ಥೋರಟ್ ಅವರ ನೇತೃತ್ವದಲ್ಲಿ ಸುಮಾರು 6,000 ಭಾರತೀಯ ಯೋಧರು ಕಾವಲಿಗೆ ಹೋದರು. ದಕ್ಷಿಣ ಕೊರಿಯದ ಅಧ್ಯಕ್ಷ ಸಿಂಗ್‌ಮನ್ ರೀ ಅವರು ತಮ್ಮ ನೆಲವನ್ನು ಭಾರತೀಯರು ಮೆಟ್ಟಕೂಡದೆಂದು ಹಟ ಹಿಡಿದುದರಿಂದ, ಈ ಯೋಧರನ್ನು ಹಡಗಿನಿಂದ ಹೆಲಿಕಾಪ್ಟರುಗಳಲ್ಲಿ ಎತ್ತಿ ನಿಸ್ಸೈನಿಕ ವಲಯಕ್ಕೆ ಇಳಿಸಬೇಕಾಯಿತು. ಅಲ್ಲಿನ ತಮ್ಮ ಬಿಡಾರಕ್ಕೆ ಭಾರತೀಯರು ಹಿಂದ್ ನಗರವೆಂದು ಹೆಸರಿಟ್ಟರು.

ಅವರ ವಶಕ್ಕೆ ಬಂದವರು 22,604 ಕೈದಿಗಳು; ಇವರಲ್ಲಿ 14,704 ಚೀನೀಯರು, 7,900 ಕೊರಿಯನರು. ಇನ್ನೊಂದು ಪಕ್ಷದಿಂದ ಬಂದವರು 359 ಮಂದಿ. ಅವರಲ್ಲಿ 23 ಅಮೆರಿಕನರು, ಒಬ್ಬ ಬ್ರಿಟಿಷನಿದ್ದರು. ಪ್ರತಿ ಕೈದಿಯನ್ನೂ ಅವನ ದೇಶದ ಪ್ರತಿನಿಧಿಗಳ ಮುಂದೆ ಕೂರಿಸಿ, ಮರಳಿದರೆ ಆತನಿಗಿರುವ ಹಕ್ಕುಗಳನ್ನು ವಿವರಿಸಿ, ಕೊನೆಗೆ ಎರಡು ಬಾಗಿಲುಗಳಲ್ಲಿ ಒಂದರಿಂದ ಅವನು ಹೊರನಡೆಯುವಂತೆ ಮಾಡುವುದು ವಿಧಾನವಾಗಿತ್ತು. ಕಾಗದದ ಮೇಲೆ ಇದು ಸರಳ. ವಾಸ್ತವದಲ್ಲಿ ಕೈದಿಗಳ ಆವರಣಗಳನ್ನು ಅವರವರ ಮುಖಂಡರೇ ಆಳುತ್ತಿದ್ದರು. ಮರಳಲು ಬಯಸಿದವನ ಮೇಲೆ ರಾತ್ರಿಯ ವೇಳೆ ಹಲ್ಲೆ ನಡೆಯುತ್ತಿತ್ತು, ಕೊಲೆಗಳೂ ಆದವು. ಎಷ್ಟೋ ಚೀನೀ ಕೈದಿಗಳ ಮೈಮೇಲೆ ಕಮ್ಯುನಿಸ್ಟ್ ವಿರೋಧಿ ಘೋಷಣೆಗಳನ್ನು ಹಚ್ಚೆ ಹೊಯ್ಯಲಾಗಿತ್ತು. ಅಂಥವನು ಮನಸ್ಸು ಬದಲಿಸಿದರೂ ಊರಿಗೆ ಮರಳುವ ಧೈರ್ಯ ಎಲ್ಲಿಂದ ಬರಬೇಕು? ಸೆಪ್ಟೆಂಬರಿನ ಕೊನೆಯಲ್ಲಿ ಕೈದಿಗಳು ಒಬ್ಬ ಭಾರತೀಯ ಮೇಜರನನ್ನು ಆವರಣದೊಳಗೆ ಹಿಡಿದಿಟ್ಟುಕೊಂಡಾಗ ಥೋರಟ್ ಅವರು ತಾವೇ ಒಳಹೊಕ್ಕು, ಮಾತಿನಿಂದಲೇ ಅವರನ್ನು ಬಿಡಿಸಿ ತಂದರು. ಇನ್ನೊಮ್ಮೆ ಗಲಭೆ ಮಿತಿಮೀರಿದಾಗ ಭಾರತೀಯ ಕಾವಲುಗಾರರು ಗುಂಡು ಹಾರಿಸಬೇಕಾಗಿ ಬಂದು ಕೆಲವು ಕೈದಿಗಳು ಸತ್ತರು.

ವಿವರಣೆ ಕೇಳಲು ಬಾರದವರನ್ನು ಬಲಪ್ರಯೋಗದಿಂದ ಎಳೆದು ತರಬೇಕೇ ಎಂಬುದು ಆಯೋಗವನ್ನು ಒಡೆಯಿತು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ. ಪೋಲೆಂಡ್, ಚೆಕೊಸ್ಲೊವಾಕಿಯ ಇನ್ನೊಂದು ಕಡೆ. ನಿರ್ಣಾಯಕ ಮತ ತಿಮ್ಮಯ್ಯನವರದು. ಅವರು ಬಲಪ್ರಯೋಗಕ್ಕೆ ಒಪ್ಪಲಿಲ್ಲ. ಇದರಿಂದ ಒಂದು ಪಕ್ಷ ಮುನಿಯಿತು. ಕೈದಿಗಳನ್ನು ತಮ್ಮ ಹಿಡಿತದಲ್ಲಿಟ್ಟುಕೊಂಡ ಮುಖಂಡರಿಂದಾಗಿ ಮುಕ್ತವಾದ ಆಯ್ಕೆ ಸಾಧ್ಯವಾಗಲಿಲ್ಲವೆಂಬುದನ್ನೂ ಅವರು ಮರೆಮಾಚಲಿಲ್ಲ. ಇದರಿಂದ ಇನ್ನೊಂದು ಪಕ್ಷ ಮುನಿಯಿತು. ವಿವರಣೆಗೆಂದು ಗೊತ್ತುಪಡಿಸಿದ್ದ ತೊಂಬತ್ತು ದಿನಗಳಲ್ಲಿ ಕೆಲಸ ನಡೆದದ್ದು ಬೆರಳೆಣಿಕೆಯ ದಿನಗಳು ಮಾತ್ರ. 22,604 ಜನರಲ್ಲಿ ಸ್ವದೇಶಕ್ಕೆ ಮರಳಲು ಇಚ್ಛಿಸಿದವರು 628 ಮಂದಿ. ಉಳಿದವರ ಭವಿಷ್ಯವನ್ನು ನಿರ್ಧರಿಸಬೇಕಾಗಿದ್ದ ರಾಜಕೀಯ ಸಮ್ಮೇಳನ ಸೇರಲೇ ಇಲ್ಲ. ಕೈದಿಗಳನ್ನು ಸ್ವತಂತ್ರರೆಂದು ಘೋಷಿಸುವ ಅಧಿಕಾರ ತಮಗೆ ಉಳಿದಿಲ್ಲವೆಂದು ಬಗೆದ ತಿಮ್ಮಯ್ಯನವರು, 1954ರ ಜನವರಿ 20ರಿಂದ ಅವರನ್ನು ಮೊದಲು ಹಿಡಿದಿಟ್ಟಿದ್ದ ಪಕ್ಷಕ್ಕೇ ಒಪ್ಪಿಸಿದರು. ಚೀನೀಯರಲ್ಲಿ ಬಹುಪಾಲು ಜನ ತೈವಾನಿಗೆ ಹೋದರು. 21 ಅಮೆರಿಕನರು ಮತ್ತು ಆ ಬ್ರಿಟಿಷ್ ಯೋಧ ಕಮ್ಯುನಿಸ್ಟ್ ಪಕ್ಷದಲ್ಲಿಯೇ ಉಳಿದರು.

ಇದನ್ನು ಗೆಲುವೆನ್ನಬೇಕೇ, ಸೋಲೆನ್ನಬೇಕೇ? ಪ್ರತಿಯೊಬ್ಬನೂ ನಿರ್ಭಯವಾಗಿ ಆರಿಸಿಕೊಳ್ಳಬೇಕೆಂಬ ಆದರ್ಶ ಈಡೇರಲಿಲ್ಲ. ಆದರೆ ಇಪ್ಪತ್ತೆರಡು ಸಾವಿರ ಜನರನ್ನು ಎರಡು ಮಹಾಶಕ್ತಿಗಳು ತಮ್ಮ ಪ್ರಚಾರದ ಅಂಕಿಗಳನ್ನಾಗಿ ಎಣಿಸುತ್ತಿದ್ದಾಗ, ಅವರನ್ನು ಮನುಷ್ಯರನ್ನಾಗಿ ಕಂಡು ಕಾಯ್ದವರು ತಿಮ್ಮಯ್ಯನವರು ಎಂದರೆ ಅತಿಶಯೋಕ್ತಿಯಾಗಲಾರದು. ಈ ಅನುಭವವನ್ನು ಅವರು ಬರೆದಿಟ್ಟ ಗ್ರಂಥ ಅವರ ಮರಣಾನಂತರ, 1981ರಲ್ಲಿ ಪ್ರಕಟವಾಯಿತು.

ಕೈದಿಗಳಲ್ಲಿ ಎರಡು ಬಾಗಿಲುಗಳನ್ನೂ ಒಲ್ಲೆನೆಂದವರು ಕೆಲವರಿದ್ದರು. ತಟಸ್ಥ ದೇಶವೊಂದನ್ನು ಬಯಸಿದ 76 ಕೊರಿಯನರು, 12 ಚೀನೀಯರು 1954ರ ಫೆಬ್ರವರಿಯಲ್ಲಿ ಭಾರತೀಯ ಪಡೆಯೊಡನೆ ಮದರಾಸಿಗೆ ಬಂದಿಳಿದು, ದೆಹಲಿಯ ದಂಡಿನ ಪ್ರದೇಶದಲ್ಲಿ ಆಶ್ರಯ ಪಡೆದರು. ಮುಂದೆ ಹೆಚ್ಚಿನವರು ಬ್ರೆಜಿಲ್, ಅರ್ಜೆಂಟೀನಗಳಿಗೆ ತೆರಳಿದರು. ಕೆಲವರು ಭಾರತದಲ್ಲಿಯೇ ನೆಲೆಸಿದರು. ಕೊರಿಯನ್ ಲೇಖಕ ಚೊಯಿ ಇನ್-ಹುನ್ 1960ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕಾದಂಬರಿಯ ನಾಯಕ ಇಂಥವನೇ ಆದ ಒಬ್ಬ ಕೈದಿ. ತಟಸ್ಥ ದೇಶವನ್ನು ಆರಿಸಿಕೊಂಡು ಹಡಗು ಹತ್ತಿದ ಅವನು ದಡ ಸೇರದೆ ಕಡಲಿನಲ್ಲಿ ಇಲ್ಲವಾಗುತ್ತಾನೆ. ಒಂದು ಭಾಷೆಯ ಸಾಹಿತ್ಯ ಸೆರೆಯಾಳಿನ ಅಂತರಂಗವನ್ನು ಹೀಗೆ ಹೊಕ್ಕು ನೋಡಿದೆ. ಸಿಂಗಪುರದಲ್ಲಿ ಸೆರೆಯಾದ ನಮ್ಮವರ ಅನುಭವ ಕನ್ನಡದಲ್ಲಿ ಎಷ್ಟರಮಟ್ಟಿಗೆ ದಾಖಲಾಗಿದೆ ಎಂಬುದು ಸಂಶೋಧಕರು ಕೇಳಿಕೊಳ್ಳಬೇಕಾದ ಪ್ರಶ್ನೆ.

ತಿಮ್ಮಯ್ಯನವರಿಗೆ 1954ರಲ್ಲಿ ಪದ್ಮಭೂಷಣ ಸಂದಿತು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಡನೆ ಭಿನ್ನಾಭಿಪ್ರಾಯ ಬಂದು 1959ರಲ್ಲಿ ರಾಜೀನಾಮೆಯಿತ್ತು, ಪ್ರಧಾನಿ ನೆಹರೂ ಅವರ ಮಾತಿಗೆ ಅದನ್ನು ಹಿಂತೆಗೆದುಕೊಂಡರು. ಅವರು ನಿವೃತ್ತರಾದ ಮರುವರ್ಷವೇ ಹಿಮಾಲಯದ ಯುದ್ಧದಲ್ಲಿ ಸಾವಿರಾರು ಭಾರತೀಯ ಯೋಧರು ಚೀನೀಯರ ಕೈಸೆರೆಯಾದರು. ಒಂಬತ್ತು ವರ್ಷಗಳ ಹಿಂದೆ ಚೀನೀ ಕೈದಿಗಳನ್ನು ಕಾಯ್ದ ಸೇನೆಯ ಮಕ್ಕಳು ಈಗ ಚೀನೀಯರ ಶಿಬಿರಗಳಲ್ಲಿದ್ದರು. 1964ರ ಜುಲೈಯಲ್ಲಿ ಸೈಪ್ರಸ್ಸಿನ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾದ ತಿಮ್ಮಯ್ಯನವರು, 1965ರ ಡಿಸೆಂಬರ್ 18ರಂದು ಅಲ್ಲಿಯೇ ಹೃದಯಾಘಾತದಿಂದ ನಿಧನರಾದರು. ಅವರ ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಮಣ್ಣುಮಾಡಲಾಯಿತು. ಸೈಪ್ರಸ್ ಮರುವರ್ಷವೇ ಅವರ ಸ್ಮರಣಾರ್ಥ ಅಂಚೆಚೀಟಿ ಹೊರಡಿಸಿತು. ಲಾರ್ನಕ ನಗರದ ಒಂದು ಹೆದ್ದಾರಿಗೆ ಅವರ ಹೆಸರಿದೆ.

2021ರ ಫೆಬ್ರವರಿಯಲ್ಲಿ ಮಡಿಕೇರಿಯ ಅವರ ಮನೆ ಸನ್ನಿ ಸೈಡ್ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಮರುತಿಂಗಳು ಚಾಣಕ್ಯಪುರಿಗೆ ಸಮೀಪದ ದೆಹಲಿ ದಂಡಿನ ಪ್ರದೇಶದಲ್ಲಿ ಭಾರತ-ಕೊರಿಯ ಮೈತ್ರಿಯ ಉದ್ಯಾನ ಉದ್ಘಾಟನೆಯಾಯಿತು. ಅಲ್ಲಿ ತಿಮ್ಮಯ್ಯನವರ ಪ್ರತಿಮೆಯಿದೆ. ಭಾರತೀಯರು ಕಾಲಿಡಬಾರದೆಂದಿದ್ದ ದೇಶವೇ ಈ ಗೌರವದಲ್ಲಿ ಭಾಗಿಯಾದುದು ಕಾಲದ ನ್ಯಾಯ. ಆ ಪ್ರತಿಮೆಯ ಮುಂದೆ ನಿಂತವರು ಸೇನಾನಿಯೊಬ್ಬರನ್ನು ಮಾತ್ರ ನೆನೆದರೆ ಸಾಲದು. ಅದೇ ದಂಡಿನ ಪ್ರದೇಶದಲ್ಲಿ ಎರಡು ಬಾಗಿಲುಗಳನ್ನೂ ಬಿಟ್ಟು ಬಂದ ಎಂಬತ್ತೆಂಟು ಜನ ಒಂದು ಕಾಲದಲ್ಲಿ ಉಸಿರಾಡಿದ್ದರು. 1971ರ ಯುದ್ಧದಲ್ಲಿ ಕಾಣೆಯಾಗಿ ಮರಳದ ನಮ್ಮ ಯೋಧರ ಮನೆಗಳಲ್ಲಿ ಕಾಯುವಿಕೆ ಇಂದಿಗೂ ಮುಗಿದಿಲ್ಲ. ಅವರೆಲ್ಲರನ್ನೂ ನೆನೆಯುವುದೇ ತಿಮ್ಮಯ್ಯನವರಿಗೆ ಸಲ್ಲುವ ನಿಜವಾದ ಗೌರವ.